ವಯಃಪಾಕವೂ ಕಲಾಪಾಕವೂ

೧

ವಯಸ್ಸು ಏರಿದಂತೆ ದೇಹಬಲವು ಇಳಿಯುವುದು ಪ್ರತ್ಯಕ್ಷಸಿದ್ಧವಾದ ಸಂಗತಿಯಾಗಿದೆ. ಆದರೆ ದೇಹಬಲದೊಡನೆ ಪ್ರತಿಭೆಯೂ ಇಳಿಯುವುದೇ ಎಂಬ ಪ್ರಶ್ನೆಯು ಅಷ್ಟು ಸುಲಭವಾಗಿ ತೀರ್ಮಾನವಾಗತಕ್ಕುದಲ್ಲ. ಕವಿಯು ಯೌವನದಲ್ಲಿ ಕಟ್ಟುವನು, ನಡುವಯಸ್ಸಿನಲ್ಲಿ ತಿದ್ದುವನು, ಮುಪ್ಪಿನಲ್ಲಿ ಹೇಳಿದುದನ್ನೇ ಹೇಳುವನು ಎಂಬ ಅಭಿಪ್ರಾಯವು ಲೋಕದಲ್ಲಿ ರೂಢವಾಗಿದೆ. ನಮ್ಮ ಸಾಹಿತ್ಯಚರಿತ್ರೆಗಳೂ ಪಾಠಕ್ರಮಗಳೂ ಇದನ್ನು ಬಾಯಿಬಿಟ್ಟು ಹೇಳದಿದ್ದರೂ ಆಚರಣೆಯಲ್ಲಿ ಬಹುಮಟ್ಟಿಗೆ ಒಪ್ಪಿಕೊಂಡಿರುವಂತೆ ತೋರುವುದು. ಕವಿಯೊಬ್ಬನ ಹೆಸರಾಂತ ಗ್ರಂಥವನ್ನು ವಿಸ್ತರಿಸಿ ಹೇಳಿ, ಆ ಬಳಿಕ ಆತನು ಬಾಳಿದ ಮೂವತ್ತು ನಾಲ್ವತ್ತು ವರ್ಷಗಳನ್ನು ‘ಇವರು ಇನ್ನೂ ಅನೇಕ ಕೃತಿಗಳನ್ನು ರಚಿಸಿರುವರು’ ಎಂಬ ಒಂದೇ ವಾಕ್ಯದಲ್ಲಿ ಮುಗಿಸುವುದು ಅಧ್ಯಾಪಕರಾದ ನಮ್ಮೆಲ್ಲರಿಗೂ ಅಭ್ಯಾಸವಾಗಿ ಹೋಗಿದೆ.

ಈ ರೂಢಿಯು ಶಾಸ್ತ್ರಕ್ಕೂ ಅನುಭವಕ್ಕೂ ಒಪ್ಪುವುದೇ ಎಂಬುದನ್ನು ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶ. ಶಾಸ್ತ್ರಕ್ಕಾಗಿ ನಮ್ಮ ಆಲಂಕಾರಿಕರ ‘ಪಾಕ’ವಿಚಾರವನ್ನು ಆಶ್ರಯಿಸುವೆನು. ಅನುಭವಕ್ಕಾಗಿ ನಾನು ಬಲ್ಲ ಸೀಮೆಯನ್ನೂ ಅದರ ನೆರೆಹೊರೆಯನ್ನೂ ಆಯ್ದುಕೊಂಡಿರುವೆನು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳ ಈ ನಾಡು ೧೯೫೩ರವರೆಗೆ ಮದರಾಸು ಆಧಿಪತ್ಯದಲ್ಲಿದ್ದು, ಅದೇ ವರ್ಷ ಬಳ್ಳಾರಿಯ ಕನ್ನಡ ಭಾಗಗಳೊಡನೆ ಮೈಸೂರು ಸಂಸ್ಥಾನಕ್ಕೆ ಸೇರಿತು. ೨೦೨೧ರಲ್ಲಿ ವಿಜಯನಗರವೆಂಬ ಹೊಸ ಜಿಲ್ಲೆಯಾದಾಗ ಅದರ ಒಡಲಾಯಿತು. ಒಂದು ಕಡೆ ತುಂಗಭದ್ರೆ, ನಡುವೆ ಚಿಕ್ಕ ಹಗರಿ. ಉಳಿದದ್ದು ಬಹುಪಾಲು ಮಳೆಯನ್ನೇ ನಂಬಿದ ನೆಲ. ಇಲ್ಲಿಯ ಕಲೆಯ ಬಹುಭಾಗವು ಓಲೆಯಲ್ಲಿಯೂ ಅಚ್ಚಿನಲ್ಲಿಯೂ ಇರದೆ ಹಿರಿಯರ ಕಂಠದಲ್ಲಿ ಇದ್ದುಕೊಂಡು ಬಂದಿದೆ. ಆದುದರಿಂದ ಮುಪ್ಪಿಗೂ ಕಲೆಗೂ ಇರುವ ಸಂಬಂಧದ ಪ್ರಶ್ನೆಯು ಇಲ್ಲಿ ಬರಿಯ ತರ್ಕವಾಗಿ ಉಳಿಯುವುದಿಲ್ಲ.

೨

ಮೊದಲು ಶಬ್ದವಿಚಾರ. ಕನ್ನಡದಲ್ಲಿ ಬಲಿತು ಸಿಹಿಯಾದ ಕಾಯನ್ನು ‘ಹಣ್ಣು’ ಎನ್ನುವೆವು. ವಯಸ್ಸು ತೀರ ಏರಿದವನನ್ನು ‘ಹಣ್ಣು ಹಣ್ಣು ಮುದುಕ’ ಎನ್ನುವೆವು. ದುಡಿದು ಸೋತವನನ್ನೂ ‘ದುಡಿದು ಹಣ್ಣಾದ’ ಎನ್ನುವೆವು. ಪರಿಪಕ್ವತೆಯೂ ಬಳಲಿಕೆಯೂ ಒಂದೇ ಶಬ್ದದಲ್ಲಿ ಅಡಗಿವೆ. ‘ಮುದಿ’, ‘ಮುದುಕ’, ‘ಮುಪ್ಪು’ ಎಂಬ ಶಬ್ದಗಳಿಗೆ ಮೂಲವಾದ ಧಾತುವಿಗೂ ಇದೇ ಗುಣವುಂಟು. ಅದರ ಬಳಗಕ್ಕೆ ಸೇರಿದ ತಮಿಳಿನ ‘ಮುದಿರ್’ ಎಂಬ ಕ್ರಿಯಾಪದಕ್ಕೆ ಬಲಿ, ಪಕ್ವವಾಗು ಎಂಬ ಅರ್ಥಗಳಿವೆ. ಸಂಸ್ಕೃತದಲ್ಲಿಯೂ ಅನ್ನದ ಬೇಯುವಿಕೆ, ಹಣ್ಣಿನ ಮಾಗುವಿಕೆ, ಕೂದಲಿನ ನರೆ ಈ ಮೂರಕ್ಕೂ ‘ಪಾಕ’ ಸಲ್ಲುವುದು. ನಮ್ಮ ಭಾಷೆಗಳು ಮುಪ್ಪನ್ನು ಕೇವಲ ಕ್ಷಯವೆಂದು ಎಣಿಸಿಲ್ಲವೆಂಬುದಕ್ಕೆ ಇಷ್ಟೇ ಸಾಕು. ಯಾವಾಗ ಅದು ಮಾಗುವಿಕೆ, ಯಾವಾಗ ಬಳಲಿಕೆ ಎಂಬುದನ್ನು ಮಾತ್ರ ನಾವು ವಿವೇಚಿಸಬೇಕಾಗಿದೆ.

ಕ್ರಿ. ಶ. ೯೦೦ರ ಸುಮಾರಿನಲ್ಲಿದ್ದ ರಾಜಶೇಖರನು ತನ್ನ ‘ಕಾವ್ಯಮೀಮಾಂಸೆ’ಯ ಐದನೆಯ ಅಧ್ಯಾಯದಲ್ಲಿ ಕಾವ್ಯಪಾಕವನ್ನು ಕುರಿತು ದೀರ್ಘವಾಗಿ ಚರ್ಚಿಸಿರುವನು. ಎಡೆಬಿಡದ ಅಭ್ಯಾಸದಿಂದ ಸತ್ಕವಿಯ ವಾಕ್ಯವು ಪಾಕವನ್ನು ಹೊಂದುವುದೆಂದು ಆತನು ಆರಂಭದಲ್ಲಿಯೇ ಹೇಳುವನು. ಎಂದರೆ ಪಾಕಕ್ಕೆ ಕಾಲವು ಬೇಕು. ಬಳಿಕ ಆತನು ಒಂಬತ್ತು ಫಲಗಳನ್ನು ಹೋಲಿಕೆಯಾಗಿ ತೆಗೆದುಕೊಂಡು ಮೂರು ಮೂರರ ಗುಂಪು ಮಾಡುವನು. ಮೊದಲೂ ಕೊನೆಯೂ ರುಚಿಸದುದು ಬೇವು. ಮೊದಲು ರುಚಿಸದೆ ಕೊನೆಗೆ ಸುಮಾರಾಗುವುದು ಬೋರೆ. ಮೊದಲು ರುಚಿಸದೆ ಕೊನೆಗೆ ಸಿಹಿಯಾಗುವುದು ದ್ರಾಕ್ಷಿ. ಮೊದಲು ಸುಮಾರಾಗಿದ್ದು ಕೊನೆಗೆ ನೀರಸವಾಗುವುದು ಬದನೆ. ಎರಡೂ ಕಡೆ ಸುಮಾರಾಗಿರುವುದು ಹುಣಿಸೆ. ಮೊದಲು ಸುಮಾರಾಗಿದ್ದು ಕೊನೆಗೆ ಸಿಹಿಯಾಗುವುದು ಮಾವು. ಮೊದಲು ಸಿಹಿಯಾಗಿದ್ದು ಕೊನೆಗೆ ನೀರಸವಾಗುವುದು ಅಡಕೆ. ಮೊದಲು ಸಿಹಿ, ಕೊನೆಗೆ ಸುಮಾರು ಸೌತೆ. ಎರಡೂ ಕಡೆ ಸಿಹಿ ತೆಂಗು. ಇವುಗಳಲ್ಲಿ ಪ್ರತಿಯೊಂದು ಗುಂಪಿನ ಮೊದಲನೆಯದು ತ್ಯಾಜ್ಯ, ನಡುವಣದು ಸಂಸ್ಕಾರಯೋಗ್ಯ, ಕಡೆಯದು ಗ್ರಾಹ್ಯ ಎಂಬುದು ಆತನ ನಿರ್ಣಯ.

ವಾಚಕರು ಈ ನಿರ್ಣಯದ ಒಂದು ವಿಶೇಷವನ್ನು ಗಮನಿಸಬೇಕು. ತ್ಯಾಜ್ಯವೆಂದು ಹೇಳಿದ ಬೇವು, ಬದನೆ, ಅಡಕೆ ಈ ಮೂರಕ್ಕೂ ಆದಿಯಲ್ಲಿ ಬೇರೆ ಬೇರೆ ರುಚಿ. ಅಂತ್ಯದಲ್ಲಿ ಮಾತ್ರ ಮೂರೂ ನೀರಸ. ಗ್ರಾಹ್ಯವೆಂದು ಹೇಳಿದ ದ್ರಾಕ್ಷಿ, ಮಾವು, ತೆಂಗುಗಳಿಗೂ ಆದಿಯಲ್ಲಿ ಸಾಮ್ಯವಿಲ್ಲ. ಅಂತ್ಯದಲ್ಲಿ ಮೂರೂ ಮಧುರ. ಆದುದರಿಂದ ಪಾಕನಿರ್ಣಯದಲ್ಲಿ ಕೊನೆಯ ಸ್ವಾದವೇ ಪ್ರಮಾಣವೆಂದಾಯಿತು. ಮೊದಲಲ್ಲಿ ಎಷ್ಟು ಸಿಹಿಯಾಗಿದ್ದರೂ ಅಡಕೆಯು ಉಳಿಯಲಿಲ್ಲ. ಮೊದಲಲ್ಲಿ ರುಚಿಸದಿದ್ದರೂ ದ್ರಾಕ್ಷಿಯು ಉಳಿಯಿತು. ರಾಜಶೇಖರನು ಇದನ್ನು ಕಾವ್ಯರಚನೆಯ ವಿಷಯವಾಗಿ ಹೇಳಿರುವನೇ ಹೊರತು ಕವಿಯ ಆಯುಷ್ಯದ ವಿಷಯವಾಗಿ ಹೇಳಿಲ್ಲ. ಆಯುಷ್ಯಕ್ಕೆ ಇದನ್ನು ಹೊಂದಿಸುವುದು ನನ್ನ ಊಹೆ. ಆದರೆ ಅಭ್ಯಾಸವು ಆಯುಷ್ಯದೊಳಗೇ ನಡೆಯತಕ್ಕುದಾದುದರಿಂದ ಈ ಊಹೆಯು ಶಾಸ್ತ್ರವಿರುದ್ಧವಾಗಲಾರದು.

ಕಾವ್ಯಕ್ಕೆ ಕಾರಣಗಳನ್ನು ಹೇಳುವಾಗ ಮಮ್ಮಟನು ಶಕ್ತಿ, ನಿಪುಣತೆ, ಅಭ್ಯಾಸ ಎಂಬ ಮೂರನ್ನೂ ಒಟ್ಟಿಗೆ ಹೇಳಿರುವನು. ಇವುಗಳಲ್ಲಿ ಲೋಕವನ್ನೂ ಶಾಸ್ತ್ರವನ್ನೂ ನೋಡುವುದರಿಂದ ಬರುವ ನಿಪುಣತೆಯೂ, ಮಾಡಿ ಮಾಡಿ ಬರುವ ಅಭ್ಯಾಸವೂ ವರ್ಷಗಳೊಡನೆ ಬೆಳೆಯುವಂಥವು. ಶಕ್ತಿಯಾದರೋ ಸಂಸ್ಕಾರರೂಪವಾದುದು, ಮೈಯ ಬಲದೊಡನೆ ಅದು ಹುಟ್ಟಿದುದಲ್ಲ. ಹೀಗಿರಲು ಮುಪ್ಪಿನಲ್ಲಿ ಪ್ರತಿಭೆಯು ಕುಗ್ಗಲೇಬೇಕೆಂಬುದಕ್ಕೆ ಶಾಸ್ತ್ರದಲ್ಲಿ ಆಧಾರವು ಕಾಣುವುದಿಲ್ಲ. ಕಂಠ, ಕೈ, ಕಣ್ಣು, ನೆನಪು ಎಂಬ ಉಪಕರಣಗಳು ಕುಗ್ಗುವುದು ದಿಟ. ಉಪಕರಣವು ಕುಗ್ಗಿದಾಗ ಕರ್ತೃವು ಏನು ಮಾಡುವನೆಂಬುದನ್ನು ಈಗ ನಿದರ್ಶನಗಳಲ್ಲಿ ನೋಡೋಣ.

೩

ಈ ಸೀಮೆಯ ನಿದರ್ಶನಗಳಲ್ಲಿ ಮೊದಲು ನೆನೆಯಬೇಕಾದವರು ಹರಪನಹಳ್ಳಿಯ ಭೀಮವ್ವನವರು. ೧೮೨೦ರ ದಶಕದ ಆದಿಭಾಗದಲ್ಲಿ ನಾರಾಯಣದೇವರಕೆರೆಯಲ್ಲಿ ಹುಟ್ಟಿ, ಹರಪನಹಳ್ಳಿಗೆ ಸೊಸೆಯಾಗಿ ಬಂದು, ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳವರೆಗೆ, ಸುಮಾರು ೮೦ ವರ್ಷಗಳ ಕಾಲ ಬಾಳಿದ ಈ ಹರಿದಾಸಿಯು ‘ಭೀಮೇಶಕೃಷ್ಣ’ ಎಂಬ ಅಂಕಿತದಲ್ಲಿ ಹಾಡುಗಳನ್ನು ಕಟ್ಟಿದರು. ಅವರು ಹುಟ್ಟಿದ ಊರು ತುಂಗಭದ್ರಾ ಜಲಾಶಯದಲ್ಲಿ ಮುಳುಗಿಹೋಗಿದೆ. ಊರಿನ ಮನೆಗಳು ಹೋದವು. ಊರಿನ ಮಗಳು ಕಟ್ಟಿದ ಹಾಡುಗಳು ಉಳಿದವು. ‘ರತಿಕಲ್ಯಾಣ’, ‘ನಳಚರಿತ್ರೆ’, ‘ಮುಯ್ಯದ ಹಾಡು’ ಮುಂತಾದ ದೀರ್ಘಗೀತಗಳಲ್ಲದೆ ಬಿಡಿ ಕೀರ್ತನೆಗಳೂ ಇವರ ಹೆಸರಿನಲ್ಲಿ ಪ್ರಸಿದ್ಧವಾಗಿವೆ.

ಭೀಮವ್ವನವರಿಗೆ ಪಾಠಶಾಲೆಯ ವಿದ್ಯಾಭ್ಯಾಸವಿರಲಿಲ್ಲ. ನಡುವಯಸ್ಸಿನಲ್ಲಿಯೇ ಪತಿವಿಯೋಗವಾಯಿತು, ಆಯುಷ್ಯದ ಹೆಚ್ಚಿನ ಭಾಗವು ಆ ಸ್ಥಿತಿಯಲ್ಲಿಯೇ ಕಳೆಯಿತು. ಅವರ ಕಾಲದ ಆಚಾರವನ್ನು ಬಲ್ಲವರಿಗೆ ಇದರ ಅರ್ಥವು ತಿಳಿಯದಿರದು. ವಿಧವೆಯಾದವಳು ಮದುವೆಯ ಹಸೆಯ ಹತ್ತಿರ ನಿಲ್ಲುವಂತಿರಲಿಲ್ಲ. ಆರತಿಯ ತಟ್ಟೆಗೆ ಕೈಯಿಡುವಂತಿರಲಿಲ್ಲ. ಅಂಥವರು ಕಟ್ಟಿದ ಹಾಡುಗಳಲ್ಲಿ ಎದ್ದು ಕಾಣುವುದು ಮದುವೆಯ ಸಡಗರ, ಬೀಗರ ಬಿಂಕ, ಮುಯ್ಯಿಯ ಕೊಡುಕೊಳ್ಳುವಿಕೆ, ಹೆಂಗಳೆಯರ ಪರಿಹಾಸ. ಯಾವ ಹಸೆಯ ಬಳಿಗೆ ಆಚಾರವು ಅವರನ್ನು ಬರಗೊಡಲಿಲ್ಲವೋ ಆ ಹಸೆಯ ಮುಂದೆಯೇ ಅವರ ಹಾಡನ್ನು ಮುತ್ತೈದೆಯರು ಹಾಡಿದರು. ಈ ಸೀಮೆಯ ಮಾಧ್ವಗೃಹಗಳಲ್ಲಿ ಅವರ ಹಾಡುಗಳನ್ನು ಬಲ್ಲವರು ಈಗಲೂ ಇರುವರು.

ಇವರ ಯಾವ ಹಾಡು ಯಾವ ವಯಸ್ಸಿನದೆಂದು ಗೆರೆಯೆಳೆದು ತೋರಿಸುವುದು ಪ್ರಕೃತಕ್ಕೆ ಅವಶ್ಯಕವಲ್ಲ. ಹಾಡುಗಳ ಸ್ವಾದವೇ ಪಾಕವನ್ನು ಹೇಳುವುದು. ಮದುವೆಯ ಸಂಭ್ರಮವನ್ನು ಒಳಗಿದ್ದು ಅನುಭವಿಸುವವರು ಒಂದು ಬಗೆಯಾಗಿ ಹಾಡುವರು. ಅದನ್ನು ಹಲವು ದಶಕಗಳ ಕಾಲ ಬಾಗಿಲ ಮರೆಯಿಂದ ನೋಡಿದವರು ಇನ್ನೊಂದು ಬಗೆಯಾಗಿ ಹಾಡುವರು. ಎರಡನೆಯವರ ನೋಟದಲ್ಲಿ ಆಸೆಯ ಕಾವು ಇಳಿದಿರುತ್ತದೆ, ವಿವರಗಳ ಸ್ಪಷ್ಟತೆಯು ಏರಿರುತ್ತದೆ, ಯಾರ ಮೇಲೆಯೂ ಹಗೆಯಿಲ್ಲದ ನಗೆಯು ಉಳಿದಿರುತ್ತದೆ. ರಾಜಶೇಖರನು ಪ್ರತಿಭೆಯನ್ನು ಕಾರಯಿತ್ರಿ, ಭಾವಯಿತ್ರಿ ಎಂದು ಎರಡಾಗಿ ವಿಭಾಗಿಸಿರುವನು. ಮೊದಲನೆಯದು ಕಟ್ಟುವ ಕವಿಗೆ, ಎರಡನೆಯದು ಸವಿಯುವ ಸಹೃದಯನಿಗೆ ಉಪಕಾರಿ. ವಯಸ್ಸು ಮಾಗಿದ ಕಲಾವಿದರಲ್ಲಿ ಈ ಎರಡೂ ಒಂದೇ ಕಡೆ ಸೇರಿ, ನೋಡುವ ಪ್ರತಿಭೆಯೇ ಮಾಡುವ ಪ್ರತಿಭೆಗೆ ದಾರಿ ತೋರಿಸುವುದೆಂದು ಭೀಮವ್ವನವರ ಹಾಡುಗಳಿಂದ ನಾನು ತಿಳಿದಿರುವೆನು.

೪

ಬರೆದಿಟ್ಟ ಹಾಡಿನ ಮಾತು ಇದಾಯಿತು. ಬರೆಯದೆಯೇ ಉಳಿದ ಕಾವ್ಯದ ಮಾತೇನು? ಇದಕ್ಕೆ ಹೊಸಪೇಟೆಯಿಂದ ಆಚೆಗೆ, ಸಂಡೂರು ತಾಲ್ಲೂಕಿನ ದರೋಜಿಯವರೆಗೆ ಹೋಗಬೇಕು. ಬುಡ್ಗಜಂಗಮ ಸಮುದಾಯಕ್ಕೆ ಸೇರಿದ ದರೋಜಿಯ ಈರಮ್ಮನವರನ್ನು ನಾಡಿನ ಜನರು ಬುರ್ರಕಥೆಯ ಈರಮ್ಮನೆಂದೇ ಬಲ್ಲರು. ಓದುಬರಹವನ್ನು ಕಲಿಯದ ಇವರು ಕುಮಾರರಾಮನ ಕಥೆಯೇ ಮೊದಲಾದ ಹತ್ತಕ್ಕೂ ಮಿಕ್ಕ ದೀರ್ಘಕಾವ್ಯಗಳನ್ನು ಕಂಠಸ್ಥವಾಗಿ ಹೊಂದಿದ್ದರು. ಒಂದೊಂದು ಕಥೆಯನ್ನೂ ಹಲವು ರಾತ್ರಿಗಳವರೆಗೆ ಬೆಳೆಸಿ ಹಾಡಬಲ್ಲವರಾಗಿದ್ದರು. ಜೀವನದ ಬಹುಕಾಲ ಊರೂರು ಅಲೆದು ಹಾಡಿ ಹೊಟ್ಟೆ ಹೊರೆದ ಇವರ ವಿದ್ಯೆಯು ವಿದ್ವಾಂಸರ ಕಿವಿಗೆ ಸರಿಯಾಗಿ ಬಿದ್ದುದು ಅವರ ಇಳಿವಯಸ್ಸಿನಲ್ಲಿ. ೧೯೯೯ರಲ್ಲಿ ರಾಜ್ಯೋತ್ಸವ ಪ್ರಶಸ್ತಿಯೂ, ಬಳಿಕ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಪದವಿಯೂ ಅವರಿಗೆ ಸಂದವು. ೨೦೧೪ರ ಆಗಸ್ಟಿನಲ್ಲಿ, ೮೦ ದಾಟಿದ ವಯಸ್ಸಿನಲ್ಲಿ, ಅವರು ಕಾಲವಾದರು.

ಇಲ್ಲಿ ಪಾಕವಿಚಾರದ ಒಂದು ಹಳೆಯ ವಿವಾದವನ್ನು ನೆನಪಿಗೆ ತಂದುಕೊಳ್ಳುವುದು ಉಚಿತ. ಪದಗಳು ಬದಲಾವಣೆಯನ್ನು ಸಹಿಸದ ಸ್ಥಿತಿಗೆ ಬಂದು ನಿಂತಾಗ ಅದೇ ಶಬ್ದಪಾಕವೆಂಬುದು ವಾಮನನ ಮತ. ಒಂದು ಪದವನ್ನು ತೆಗೆದು ಇನ್ನೊಂದನ್ನು ಇಡಲಾಗದಿದ್ದರೆ ಕಾವ್ಯವು ಪಕ್ವವಾಯಿತೆಂದು ತಾತ್ಪರ್ಯ. ರಾಜಶೇಖರನ ಪತ್ನಿಯಾದ ಅವಂತಿಸುಂದರಿಯು ಇದನ್ನು ಒಪ್ಪಲಿಲ್ಲ. ಅದು ಪಾಕವಲ್ಲ, ಅಶಕ್ತಿ. ಮಹಾಕವಿಗಳು ಒಂದೇ ವಸ್ತುವನ್ನು ಹಲವು ಪಾಠಗಳಲ್ಲಿ ಹೇಳಿಯೂ ಪಕ್ವತೆಯನ್ನು ಕಳೆದುಕೊಳ್ಳರು. ಆದುದರಿಂದ ರಸಕ್ಕೆ ಉಚಿತವಾದ ಶಬ್ದಾರ್ಥಗಳ ಜೋಡಣೆಯೇ ಪಾಕ ಎಂಬುದು ಆಕೆಯ ವಾದ. ಗಂಡನು ಹೆಂಡತಿಯ ಈ ಮತವನ್ನು ಹೆಸರು ಹೇಳಿ ತನ್ನ ಗ್ರಂಥದಲ್ಲಿ ಸೇರಿಸಿರುವನು.

ಈರಮ್ಮನವರಂಥ ಗಾಯಕಿಯರ ಕಾವ್ಯವನ್ನು ವಾಮನನ ಒರೆಗಲ್ಲಿಗೆ ಹಚ್ಚಿದರೆ ಅದು ನಿಲ್ಲಲಾರದು. ಏಕೆಂದರೆ ಈ ಸಂಪ್ರದಾಯದಲ್ಲಿ ಒಂದು ರಾತ್ರಿ ಹಾಡಿದಂತೆ ಇನ್ನೊಂದು ರಾತ್ರಿ ಹಾಡುವ ರೂಢಿಯಿಲ್ಲ. ಕೇಳುವವರು ಯಾರು, ಹೊತ್ತು ಎಷ್ಟಾಯಿತು, ಜೊತೆಯಲ್ಲಿ ಸೊಲ್ಲು ಹಿಡಿಯುವವರು ಯಾರು ಎಂಬುದರ ಮೇಲೆ ಪದಗಳು ಬದಲಾಗುತ್ತವೆ. ಕಥೆಯು ಹಿಗ್ಗುತ್ತದೆ, ಕುಗ್ಗುತ್ತದೆ. ಆದರೆ ಅವಂತಿಸುಂದರಿಯ ಒರೆಗಲ್ಲಿನಲ್ಲಿ ಇದೇ ಗುಣವು ಪಾಕಕ್ಕೆ ಸಾಕ್ಷಿಯಾಗುತ್ತದೆ. ಎಳೆಯ ಗಾಯಕನು ಕಲಿತ ಪಾಠವನ್ನು ಬಿಡಲು ಹೆದರುವನು. ಅದು ತಪ್ಪಿದರೆ ಮುಂದೆ ದಾರಿಯಿಲ್ಲ. ಐವತ್ತು ಅರುವತ್ತು ವರ್ಷ ಹಾಡಿದವರಿಗೆ ಪಾಠವು ತಪ್ಪಿದರೂ ರಸವು ತಪ್ಪದು. ನೆನಪು ಒಂದೆಡೆ ಸಡಿಲವಾದರೆ ಕಥೆಯ ನಡೆಯು ತಾನೇ ಇನ್ನೊಂದು ಪದವನ್ನು ತಂದುಕೊಡುವುದು. ಉಪಕರಣವು ಕುಗ್ಗಿದಾಗ ಕರ್ತೃವು ಏನು ಮಾಡುವನೆಂದು ಮೇಲೆ ಕೇಳಿದ ಪ್ರಶ್ನೆಗೆ ಇದೇ ಉತ್ತರ: ಆತನು ಪಾಠವನ್ನು ಬಿಟ್ಟು ಔಚಿತ್ಯವನ್ನು ಹಿಡಿಯುವನು. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಒಬ್ಬ ವಿದುಷಿಯು ಆಡಿದ ಮಾತಿಗೆ ದರೋಜಿಯ ಅನಕ್ಷರಸ್ಥ ಗಾಯಕಿಯು ಲಕ್ಷ್ಯವಾಗಿ ನಿಂತಿರುವಳು.

ತೊಗಲುಬೊಂಬೆಯ ಕಲೆಯಲ್ಲಿಯೂ ಇದನ್ನೇ ಕಾಣಬಹುದು. ತುಂಗಭದ್ರೆಯ ಆಚೆ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಎಂಬವರಿಗೆ ೨೦೨೫ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಪ್ರಕಟವಾದಾಗ ಅವರ ವಯಸ್ಸು ೯೬. ದೀಪದ ಮುಂದೆ, ಪರದೆಯ ಹಿಂದೆ ಕುಳಿತು, ಹದಮಾಡಿ ಬಣ್ಣಹಾಕಿದ ತೊಗಲಿನ ಪ್ರತಿಮೆಗಳನ್ನು ಆಡಿಸುತ್ತ ರಾಮಾಯಣ ಮಹಾಭಾರತಗಳ ಪಾತ್ರಗಳಿಗೆ ದನಿ ಕೊಡುವ ವೃತ್ತಿ ಇದು. ನೋಡುವವರಿಗೆ ಆಡಿಸುವವರ ಮುಖವು ಕಾಣದು. ಆದುದರಿಂದ ಮುಖದ ಮುಪ್ಪು ಈ ಕಲೆಗೆ ಅಡ್ಡಿಯಾಗದು. ದನಿಯು ಬೇಕು, ಬೆರಳು ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಎಲ್ಲ ಪಾತ್ರಗಳೂ ಒಂದೇ ಮನಸ್ಸಿನಲ್ಲಿ ಮನೆ ಮಾಡಿರಬೇಕು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರಾದರೋ ಮೊದಲು ರಂಗದ ಮೇಲಿನ ನಟರಾಗಿ ಹೆಸರು ಪಡೆದು, ಆಮೇಲೆ ತೊಗಲುಬೊಂಬೆಯನ್ನು ಕೈಗೆತ್ತಿಕೊಂಡು, ಗಾಂಧೀಜಿಯವರ ಚರಿತ್ರೆಯನ್ನೂ ಅದರಲ್ಲಿ ತಂದು ಆಡಿಸಿದರು. ೨೦೨೩ರ ಏಪ್ರಿಲಿನಲ್ಲಿ ರಸ್ತೆಯ ಅಪಘಾತದಲ್ಲಿ ತೀರಿಕೊಂಡಾಗ ಅವರು ತೊಂಬತ್ತರ ಆಸುಪಾಸಿನಲ್ಲಿದ್ದರು. ಒಂದು ಕಲೆಯ ಪಾಕವನ್ನು ಇನ್ನೊಂದು ಕಲೆಗೆ ಊಡಿಸಲು ಸಾಧ್ಯವೆಂಬುದಕ್ಕೆ ಅವರ ಜೀವನವು ನಿದರ್ಶನ.

೫

ಇವೆಲ್ಲ ಹಳ್ಳಿಯ ಕಲೆಗಳ ಮಾತಾಯಿತು, ಗ್ರಂಥಸ್ಥ ಸಾಹಿತ್ಯದಲ್ಲಿ ಹೀಗೆ ಉಂಟೇ ಎಂದು ಯಾರಾದರೂ ಕೇಳಬಹುದು. ಉಂಟು. ೧೮೮೭ರಲ್ಲಿ ಹುಟ್ಟಿದ ಡಿ. ವಿ. ಗುಂಡಪ್ಪನವರ ‘ಮಂಕುತಿಮ್ಮನ ಕಗ್ಗ’ವು ೧೯೪೩ರಲ್ಲಿ, ಅವರ ೫೬ನೆಯ ವಯಸ್ಸಿನಲ್ಲಿ ಹೊರಬಂದಿತು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ‘ಚಿಕವೀರ ರಾಜೇಂದ್ರ’ವನ್ನು ಪ್ರಕಟಿಸಿದುದು ೧೯೫೬ರಲ್ಲಿ, ೬೫ರ ವಯಸ್ಸಿನಲ್ಲಿ. ಪು. ತಿ. ನರಸಿಂಹಾಚಾರ್ಯರ ‘ಶ್ರೀಹರಿಚರಿತೆ’ಯು ೧೯೮೫ರಲ್ಲಿ ಬಂದಾಗ ಕವಿಗೆ ೮೦. ಶಿವರಾಮ ಕಾರಂತರು ೬೬ರ ವಯಸ್ಸಿನಲ್ಲಿ, ೧೯೬೮ರಲ್ಲಿ, ಪ್ರಕಟಿಸಿದ ‘ಮೂಕಜ್ಜಿಯ ಕನಸುಗಳು’ ಎಂಬ ಕಾದಂಬರಿಯಲ್ಲಂತೂ ಹಣ್ಣು ಹಣ್ಣು ಮುದುಕಿಯೊಬ್ಬಳ ಮನಸ್ಸೇ ಇಡೀ ಕಥೆಗೆ ಕಣ್ಣಾಗಿದೆ. ಎಳೆಯ ಲೇಖಕನಿಗೆ ಅಜ್ಜಿಯು ವಿಷಯವಾಗಬಲ್ಲಳು. ಅಜ್ಜಿಯ ಕಣ್ಣಿನಿಂದಲೇ ಲೋಕವನ್ನು ನೋಡುವುದು ಆತನಿಗೆ ಅಷ್ಟು ಸುಲಭವಾಗಲಾರದು.

ಸಂಗೀತವು ಕಂಠವನ್ನೇ ನಂಬಿದ ಕಲೆ. ಅಲ್ಲಿಯೂ ಧಾರವಾಡದ ಮಲ್ಲಿಕಾರ್ಜುನ ಮನಸೂರರು (೧೯೧೦–೧೯೯೨) ಅರುವತ್ತು ದಾಟಿದ ಬಳಿಕವೇ ದೇಶವಿಡೀ ತಲೆದೂಗುವಂತೆ ಹಾಡಿದರು. ಪದ್ಮವಿಭೂಷಣವು ಅವರನ್ನು ಹುಡುಕಿಕೊಂಡು ಬಂದುದು ೧೯೯೨ರಲ್ಲಿ. ಗದುಗಿನ ಪುಟ್ಟರಾಜ ಗವಾಯಿಗಳು (೧೯೧೪–೨೦೧೦) ಕಣ್ಣಿಲ್ಲದೆಯೂ ಕನ್ನಡ, ಸಂಸ್ಕೃತ, ಹಿಂದಿಗಳಲ್ಲಿ ಗ್ರಂಥಗಳನ್ನು ರಚಿಸುತ್ತ, ನೂರಾರು ಮಕ್ಕಳಿಗೆ ಸ್ವರವನ್ನು ಕಲಿಸುತ್ತ ೯೬ ವರ್ಷ ಬಾಳಿದರು. ಹೊರಗಣ ಲೋಕವನ್ನು ನೋಡಿದರೆ, ರವೀಂದ್ರನಾಥ ಠಾಕೂರರು ಅರುವತ್ತು ದಾಟಿದ ಮೇಲೆ ಚಿತ್ರಕಲೆಯನ್ನು ಹಿಡಿದರು. ೧೯೩೦ರಲ್ಲಿ, ತಮ್ಮ ೬೯ನೆಯ ವಯಸ್ಸಿನಲ್ಲಿ, ಪ್ಯಾರಿಸ್ಸಿನಲ್ಲಿ ತಮ್ಮ ಚಿತ್ರಗಳ ಮೊದಲ ಪ್ರದರ್ಶನವನ್ನು ನಡೆಸಿದರು. ಯವನ ನಾಟಕಕಾರನಾದ ಸೊಫೋಕ್ಲೀಸನ ವಿಷಯವಾಗಿ ರೋಮಿನ ಸಿಸಿರೋ ಒಂದು ಐತಿಹ್ಯವನ್ನು ಹೇಳುವನು. ಮುಪ್ಪಿನಿಂದ ತಂದೆಯ ಬುದ್ಧಿ ಕೆಟ್ಟಿದೆಯೆಂದು ಮಕ್ಕಳು ನ್ಯಾಯಸ್ಥಾನದಲ್ಲಿ ದೂರಿತ್ತಾಗ, ಆ ವೃದ್ಧನು ಬೇರೆ ಯಾವ ಸಾಕ್ಷ್ಯವನ್ನೂ ಕೊಡದೆ, ತಾನು ಆಗ ಬರೆಯುತ್ತಿದ್ದ ನಾಟಕವನ್ನು ಓದಿ, ಇದು ಬುದ್ಧಿಗೆಟ್ಟವನ ಕೃತಿಯಂತೆ ತೋರುವುದೇ ಎಂದು ಕೇಳಿದನಂತೆ. ನ್ಯಾಯಾಧಿಪತಿಗಳು ಆತನನ್ನು ಬಿಟ್ಟರಂತೆ.

ಇಷ್ಟರಿಂದ ಮುಪ್ಪಿನಲ್ಲಿ ಮಾಡಿದುದೆಲ್ಲವೂ ಮಾಗಿದುದೆಂದು ಸಾಧಿಸಲು ನಾನು ಹೊರಟಿಲ್ಲ. ರಾಜಶೇಖರನ ಪಟ್ಟಿಯಲ್ಲಿ ಅಡಕೆಯೂ ಇದೆ, ಬದನೆಯೂ ಇದೆ. ಎಳೆಯ ಪ್ರಾಯದಲ್ಲಿ ಸಿಹಿಯಾಗಿ ಬರೆದು, ಹೊಗಳಿಕೆಯನ್ನು ಉಂಡು, ಆಮೇಲೆ ಅದೇ ಸಿಹಿಯನ್ನು ಅನುಕರಿಸುತ್ತ ನೀರಸರಾದವರು ಎಲ್ಲ ಕಾಲದಲ್ಲಿಯೂ ಇರುವರು. ವಯಸ್ಸಿಗೆ ಗೌರವವನ್ನು ಸಲ್ಲಿಸುವುದು ಬೇರೆ, ಕೃತಿಗೆ ಬೆಲೆ ಕಟ್ಟುವುದು ಬೇರೆ. ಹಿರಿಯರೆಂಬ ದಾಕ್ಷಿಣ್ಯದಿಂದ ನೀರಸವನ್ನು ಹೊಗಳಿದರೆ ಮಾಗಿದುದಕ್ಕೇ ಅನ್ಯಾಯ ಮಾಡಿದಂತಾಗುವುದು. ನಾನು ಹೇಳತಕ್ಕುದು ಇಷ್ಟೇ: ಇಳಿವಯಸ್ಸಿನ ಕೃತಿಯನ್ನು ಯೌವನದ ಕೃತಿಯ ಅಳತೆಗೋಲಿನಿಂದ ಅಳೆಯದೆ ಅದರ ಅಂತ್ಯಸ್ವಾದದಿಂದ ಅಳೆಯಬೇಕು, ಅಳೆಯುವುದಕ್ಕೆ ಮೊದಲು ಅದನ್ನು ಓದಬೇಕು, ಕೇಳಬೇಕು.

೬

ಈ ಕೇಳುವ ಕೆಲಸದಲ್ಲಿ ನಾನೇ ಒಮ್ಮೆ ತಪ್ಪಿರುವೆನು. ಅದನ್ನು ಇಲ್ಲಿ ಮರೆಮಾಚದೆ ಹೇಳುವುದು ನ್ಯಾಯವೆಂದು ತೋರುವುದು. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಹಗರಿಯ ದಂಡೆಯ ಒಂದು ಹಳ್ಳಿಗೆ ಶ್ರಾದ್ಧದ ನಿಮಿತ್ತ ಹೋಗಿದ್ದೆನು. ಊಟವಾದ ಮೇಲೆ ಆ ಮನೆಯ ಹಿರಿಯರಾದ, ೮೦ ದಾಟಿದ ಒಬ್ಬ ತಾಯಿಯವರು ಹಿತ್ತಿಲ ಕಟ್ಟೆಯ ಮೇಲೆ ಕುಳಿತು ತಮ್ಮಷ್ಟಕ್ಕೆ ತಾವೇ ಭೀಮವ್ವನವರ ದೀರ್ಘವಾದ ಹಾಡೊಂದನ್ನು ಹಾಡಿಕೊಳ್ಳುತ್ತಿದ್ದರು. ನಾನು ಅಚ್ಚಿನಲ್ಲಿ ಕಂಡಿದ್ದ ಪಾಠಕ್ಕಿಂತ ಅದು ಹಲವೆಡೆ ಬೇರೆಯಾಗಿತ್ತು. ಅಚ್ಚಿನಲ್ಲಿಲ್ಲದ ನುಡಿಗಳೂ ಇದ್ದವು. ದನಿಯು ನಡುಗುತ್ತಿತ್ತು; ಪರಿಹಾಸದ ಮಾತು ಬಂದೆಡೆ ಮಾತ್ರ ನಡುಕವು ನಿಂತು ಕಣ್ಣು ಮಿನುಗುತ್ತಿತ್ತು. ಪರೀಕ್ಷೆಗಳು ಮುಗಿದ ಮೇಲೆ ಕಾಗದ ಲೇಖನಿಗಳೊಡನೆ ಬಂದು ಪೂರ್ತಿಯಾಗಿ ಬರೆದುಕೊಳ್ಳುವೆನೆಂದು ನಾನು ಹೇಳಿದೆನು. ‘ಬರಕೊಳ್ಳೋದಿದ್ರ ಇವತ್ತ ಬರಕೊಳ್ರಿ ಆಚಾರ್ರ, ನಾಳಿನ ಮಾತು ನನ್ನ ಕೈಯಾಗಿಲ್ಲ’ ಎಂದು ಅವರು ನಕ್ಕರು. ನಾನು ಅದನ್ನು ವಿನೋದವೆಂದು ತಿಳಿದು ಮೋಟಾರಿಗೆ ಹೊತ್ತಾಯಿತೆಂದು ಎದ್ದು ಬಂದೆನು. ಮೂರು ತಿಂಗಳ ಮೇಲೆ ಹೋದಾಗ ಅವರ ವೈಕುಂಠಸಮಾರಾಧನೆಯು ಮುಗಿದು ವಾರವಾಗಿತ್ತು. ಸೊಸೆಯಂದಿರಿಗೆ ಮೊದಲ ಐದಾರು ನುಡಿಗಳಷ್ಟೇ ಬರುತ್ತಿದ್ದವು. ಉಳಿದುದು ಎಲ್ಲಿಯೂ ಇಲ್ಲ.

ಪಾಕವೆಂಬುದನ್ನು ಗ್ರಂಥದಲ್ಲಿ ಎಷ್ಟೋ ಸಲ ಪಾಠ ಹೇಳಿದ್ದ ನಾನು, ಪಕ್ವಫಲವು ಕಣ್ಣಮುಂದೆ ಇದ್ದಾಗ ಅದನ್ನು ಗುರುತಿಸಲಿಲ್ಲ. ಮಾಗಿದುದಕ್ಕೆ ಬಹುಕಾಲ ಉಳಿಯುವ ಗುಣವಿಲ್ಲವೆಂಬುದು ಹಣ್ಣಿನ ಧರ್ಮ. ಪಾಕವು ಪೂರ್ಣವಾದ ಕ್ಷಣಕ್ಕೂ ತೊಟ್ಟು ಕಳಚುವ ಕ್ಷಣಕ್ಕೂ ನಡುವೆ ಇರುವ ಅವಧಿಯು ಅತ್ಯಲ್ಪ. ಆ ಅಲ್ಪಾವಧಿಯಲ್ಲಿ ಮಾಡಬೇಕಾದುದೇನೆಂಬುದನ್ನೂ ರಾಜಶೇಖರನೇ ಸೂಚಿಸಿರುವನು. ಆತನು ಹೇಳುವ ಕವಿಯ ಹತ್ತು ಅವಸ್ಥೆಗಳಲ್ಲಿ ಕಡೆಯ ಮೂರು ಔಪದೇಶಿಕನಾದ, ಎಂದರೆ ಉಪದೇಶದಿಂದ ಸಿದ್ಧಿ ಪಡೆದ ಕವಿಗೆ ಸೇರಿದವು. ಅವುಗಳಲ್ಲಿಯೂ ಎಲ್ಲಕ್ಕೂ ಕಡೆಯವನು ‘ಸಂಕ್ರಾಮಯಿತಾ’. ತನ್ನಲ್ಲಿರುವ ಸರಸ್ವತಿಯನ್ನು ಬಾಲಕ ಬಾಲಿಕೆಯರಲ್ಲಿ ನೆಲೆಗೊಳಿಸಬಲ್ಲವನು. ಮಹಾಕವಿ, ಕವಿರಾಜ ಎಂಬ ಹೆಸರುಗಳನ್ನು ಹೇಳಿ ಮುಗಿಸಿದ ಮೇಲೆಯೂ ಹೇಳಬೇಕಾದ ಒಂದು ಅವಸ್ಥೆಯು ಉಳಿದಿತ್ತು; ಅದು ದಾಟಿಸುವಿಕೆ. ಹಣ್ಣಿಗೆ ರುಚಿಯು ಒಂದು ಫಲವಾದರೆ ಬೀಜವು ಇನ್ನೊಂದು.

ಈ ದಾಟಿಸುವಿಕೆಯು ಎಲ್ಲಿ ನಡೆಯಿತೋ ಅಲ್ಲಿ ಕಲೆಯು ಉಳಿದಿದೆ. ನಾರಾಯಣದೇವರಕೆರೆಗೆ ನೆರೆಯಾದ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರನ್ನೇ ನೋಡಬಹುದು. ಎಲ್ಲಮ್ಮನ ಕೊಡವನ್ನು ತಲೆಯ ಮೇಲೆ ಹೊತ್ತು ಕುಣಿಯುವ ಜೋಗತಿನೃತ್ಯವನ್ನು ಅವರು ಕಲಿತುದು ಕಾಳವ್ವ ಜೋಗತಿಯೆಂಬ ಹಿರಿಯರಿಂದ. ಮನೆಯಿಂದ ಹೊರಗಾದ ಒಂದು ಜೀವಕ್ಕೆ ಆ ಹಿರಿಯರು ಕಲೆಯನ್ನೂ ಕೊಟ್ಟರು, ಮೇಳವನ್ನೂ ಕೊಟ್ಟರು. ಗುರುವಿನ ತರುವಾಯ ಮೇಳವನ್ನು ಶಿಷ್ಯರು ನಡೆಸಿಕೊಂಡು ಬಂದರು. ೨೦೧೯ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ೨೦೨೧ರಲ್ಲಿ ಪದ್ಮಶ್ರೀಯನ್ನು ಪಡೆದರು. ಲೋಕವು ಶಿಷ್ಯರನ್ನು ಕಂಡಿತು. ಆ ಶಿಷ್ಯರ ಹೆಜ್ಜೆಯಲ್ಲಿ ಕಾಳವ್ವನವರ ಇಳಿವಯಸ್ಸಿನ ಕೆಲಸವೂ ಸೇರಿದೆಯೆಂಬುದನ್ನು ವಿದ್ವಾಂಸರಾದವರು ಕಾಣಬೇಕು.

ಹಿರಿಯ ಕಲಾವಿದರಿಗೆ ಸರ್ಕಾರವು ಮಾಸಾಶನವನ್ನು ಕೊಡುತ್ತಿರುವುದು ಸ್ತುತ್ಯವಾದ ಕಾರ್ಯ. ಆದರೆ ಮಾಸಾಶನವು ಅವರ ಹೊಟ್ಟೆಯನ್ನು ನೋಡುವುದು, ವಿದ್ಯೆಯನ್ನು ನೋಡದು. ಅದನ್ನು ನೋಡತಕ್ಕವರು ನಾವು. ಪ್ರತಿಯೊಂದು ತಾಲ್ಲೂಕಿನ ಕಾಲೇಜಿನಲ್ಲಿಯೂ ಸಾಹಿತ್ಯದ ಅಧ್ಯಾಪಕರಿರುವರು, ವಿದ್ಯಾರ್ಥಿಗಳಿರುವರು. ದನಿಯನ್ನು ಹಿಡಿದಿಡುವ ಯಂತ್ರವು ಈಗ ಪ್ರತಿಯೊಬ್ಬರ ಜೇಬಿನಲ್ಲಿಯೇ ಇದೆ. ವರ್ಷಕ್ಕೊಬ್ಬ ಹಿರಿಯರ ಹತ್ತಿರ ಒಬ್ಬ ವಿದ್ಯಾರ್ಥಿಯು ಕುಳಿತು, ಹಾಡಿನೊಡನೆ ಹಾಡಿದವರ ವಯಸ್ಸು, ಕಲಿತ ಬಗೆ, ಪಾಠಾಂತರ ಇವುಗಳನ್ನು ಬರೆದುಕೊಂಡರೂ ಹತ್ತು ವರ್ಷಗಳಲ್ಲಿ ಈ ಐದು ತಾಲ್ಲೂಕುಗಳಿಂದ ಐವತ್ತು ಕಂಠಗಳ ಸಂಪತ್ತು ಉಳಿಯುವುದು. ಬರೆದುಕೊಳ್ಳುವುದರ ಜೊತೆಗೆ ಒಬ್ಬನಾದರೂ ಕಲಿತುಕೊಂಡರೆ ಇನ್ನೂ ಮೇಲು. ಏಕೆಂದರೆ ಅವಂತಿಸುಂದರಿಯು ಹೇಳಿದ ಪಾಕವು ಹಾಳೆಯ ಮೇಲೆ ಪೂರ್ತಿಯಾಗಿ ಇಳಿಯುವಂಥದಲ್ಲ. ತರಗತಿಯಲ್ಲಿಯೂ ಕವಿಯ ಮೊದಲ ಕೃತಿಯೊಡನೆ ಕೊನೆಯ ಕೃತಿಯನ್ನು ಇಟ್ಟು ಪಾಠ ಹೇಳುವುದನ್ನು ನಾವು ರೂಢಿಮಾಡಿಕೊಳ್ಳಬಹುದು. ಅದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.

ಹಗರಿಯ ದಂಡೆಯ ಆ ತಾಯಿಯವರು ಹಾಡಿದುದರಲ್ಲಿ ನನಗೆ ನೆನಪಿರುವ ಕೆಲವು ನುಡಿಗಳನ್ನು ಈಚೆಗೆ ನನ್ನ ಮೊಮ್ಮಗಳಿಗೆ ಹೇಳಿಕೊಡುತ್ತಿರುವೆನು. ಅವು ನಡುನಡುವೆ ಹರಿದಿವೆ. ನನ್ನ ದನಿಯೂ ಚೆನ್ನಾಗಿಲ್ಲ. ಆದರೂ ಪರಿಹಾಸದ ಮಾತು ಬಂದೆಡೆ ಮಗುವು ತಾನಾಗಿಯೇ ನಗುತ್ತದೆ.